ಜನರ ಕೊಡುಗೆ ಮತ್ತು ಜ್ಞಾನದ ವ್ಯವಹಾರ: ವಿಜಯಪುರ ಸೀಮೆಯ ಸಂಗ್ರಹ ಪರಂಪರೆಯಿಂದ ಅಂತರಜಾಲ ಸಹಯೋಗದವರೆಗೆ

ಕನ್ನಡ ಸಂಶೋಧನೆಯ ಚರಿತ್ರೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯನ್ನು ನೀಲಾಂಬಿಕೆಯ ಐಕ್ಯಸ್ಥಳವೆಂದು ಪರಂಪರೆ ಗುರುತಿಸುತ್ತದೆ. ಅಂದಿನ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯು ಜಾನಪದ ಸಂಗ್ರಹದ ಆರಂಭದ ನೆಲೆಗಳಲ್ಲಿ ಒಂದು. ಸಿಂದಗಿ ತಾಲೂಕಿನ ಗುಬ್ಬೇವಾಡವು ಎಂ.ಎಂ. ಕಲಬುರ್ಗಿಯವರು ಹುಟ್ಟಿದ ಊರು. ಈ ಸೀಮೆಯ ನುಡಿ ಹಾಡಾಗಿ, ವಚನವಾಗಿ ಜನರ ಬಾಯಿಂದ ಮತ್ತು ಮನೆಮಠಗಳ ಓಲೆಗರಿಗಳಿಂದ ಪುಸ್ತಕಕ್ಕೆ ಬಂದ ಕಥೆ ಕನ್ನಡ ಅಧ್ಯಾಪಕರಿಗೆಲ್ಲ ತಿಳಿದದ್ದೇ. ಆದರೆ ಆ ಕಥೆಯನ್ನು ಒಂದು ವ್ಯವಹಾರದ ಕಥೆಯಾಗಿ ನೋಡಿದ್ದು ಕಡಿಮೆ. ನುಡಿಯನ್ನು ಕೊಟ್ಟವರು ಯಾರು, ಕೂಡಿಸಿದವರು ಯಾರು, ವೆಚ್ಚವನ್ನು ಹೊತ್ತವರು ಯಾರು, ಫಲ ಯಾರಿಗೆ ಸಂದಿತು ಎಂಬ ಪ್ರಶ್ನೆಗಳು ಸಾಹಿತ್ಯ ಚರಿತ್ರೆಯ ಅಂಚಿನಲ್ಲಿಯೇ ಉಳಿದಿವೆ.

ಈ ಪ್ರಶ್ನೆಗಳು ಈಗ ಮುಖ್ಯವಾಗಲು ಕಾರಣವಿದೆ. ಅಂತರಜಾಲದ ಮೂಲಕ ಅಸಂಖ್ಯ ಜನರ ಚಿಕ್ಕ ಚಿಕ್ಕ ಕೊಡುಗೆಗಳನ್ನು ಒಟ್ಟುಗೂಡಿಸಿ ದೊಡ್ಡ ಜ್ಞಾನರಾಶಿಯನ್ನು ಕಟ್ಟುವುದು ಇಪ್ಪತ್ತೊಂದನೆಯ ಶತಮಾನದ ಪ್ರಮುಖ ಉತ್ಪಾದನಾ ವಿಧಾನವಾಗಿ ಬೆಳೆದಿದೆ. ಅದರ ಬೆನ್ನಿಗೇ ಹೊಸ ಬಗೆಯ ವ್ಯವಹಾರ ಮಾದರಿಗಳು ಹುಟ್ಟಿಕೊಂಡಿವೆ. ಜನರ ಆಡುಮಾತೇ ಈ ವ್ಯವಹಾರದ ಕಚ್ಚಾವಸ್ತುವಾಗುತ್ತಿರುವ ಈ ಹೊತ್ತಿನಲ್ಲಿ, ಸಂಗ್ರಹದ ಪ್ರಮಾಣಕ್ಕಿಂತಲೂ ಕೊಡುಗೆಯನ್ನು ಸ್ವೀಕರಿಸುವ ಕರಾರು ಹೆಚ್ಚು ನಿರ್ಣಾಯಕವಾದುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಪರಿಕಲ್ಪನೆಯ ಹಿನ್ನೆಲೆ

‘ಕ್ರೌಡ್‌ಸೋರ್ಸಿಂಗ್’ ಎಂಬ ಪದವನ್ನು 2006ರಲ್ಲಿ ಅಮೆರಿಕದ ‘ವೈರ್ಡ್’ ಪತ್ರಿಕೆಯ ಲೇಖನವೊಂದರಲ್ಲಿ ಜೆಫ್ ಹೋವ್ ಬಳಕೆಗೆ ತಂದರು. ಸಂಸ್ಥೆಯೊಂದು ತನ್ನ ನೌಕರರಿಂದ ಮಾಡಿಸಬಹುದಾದ ಕೆಲಸವನ್ನು ಬಹಿರಂಗ ಕರೆಯ ಮೂಲಕ ಅಪರಿಚಿತ ಜನಸಮೂಹಕ್ಕೆ ಒಪ್ಪಿಸುವುದು ಅದರ ಮೂಲಾರ್ಥ. ಈ ಲೇಖನದಲ್ಲಿ ಅದಕ್ಕೆ ‘ಜನಕೊಡುಗೆ’ ಎಂಬ ಪದವನ್ನು ಬಳಸಲಾಗಿದೆ. ಇದಕ್ಕೆ ಹತ್ತಿರದ ಇನ್ನೊಂದು ಪರಿಕಲ್ಪನೆಯನ್ನು ಕಾನೂನು ಚಿಂತಕ ಯೋಹಾಯ್ ಬೆಂಕ್ಲರ್ 2002ರಿಂದ ಬೆಳೆಸುತ್ತ ಬಂದರು. ಯಜಮಾನನ ಆಜ್ಞೆಯೂ ಮಾರುಕಟ್ಟೆಯ ಬೆಲೆಯೂ ಇಲ್ಲದೆ ಸಮಾನರು ಕೂಡಿ ಸಾರ್ವಜನಿಕ ಸ್ವತ್ತನ್ನು ಉತ್ಪಾದಿಸುವ ಬಗೆಯನ್ನು ಅವರು ವಿವರಿಸಿದರು. ಎರಡರ ನಡುವಿನ ವ್ಯತ್ಯಾಸ ಗಮನಾರ್ಹವಾದುದು. ಮೊದಲನೆಯದರಲ್ಲಿ ಕರೆ ಕೊಟ್ಟವರೇ ಫಲದ ಒಡೆಯರು. ಎರಡನೆಯದರಲ್ಲಿ ಫಲವು ಕೊಟ್ಟವರಿಗೂ ಕೊಡದವರಿಗೂ ಸಮಾನವಾಗಿ ತೆರೆದಿರುತ್ತದೆ. ಹೊರನೋಟಕ್ಕೆ ಕೆಲಸ ಒಂದೇ ಆದರೂ ಒಡೆತನದ ವ್ಯವಸ್ಥೆ ಬೇರೆಯಾಗಿದೆ.

ಪದ ಹೊಸದಾದರೂ ಪದ್ಧತಿ ಹಳೆಯದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ 1879ರಲ್ಲಿ ಇಂಗ್ಲಿಷ್ ಓದುಗರಿಗೆಲ್ಲ ಮನವಿ ಮಾಡಿ, ತಾವು ಓದಿದ ಗ್ರಂಥಗಳಿಂದ ಪದಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಕಳಿಸುವಂತೆ ಕೋರಿದರು. ಹೀಗೆ ಬಂದ ಲಕ್ಷಾಂತರ ಚೀಟಿಗಳ ಆಧಾರದ ಮೇಲೆ ರಚಿತವಾದ ನಿಘಂಟು 1928ರಲ್ಲಿ ಪೂರ್ಣಗೊಂಡಿತು. ಅದೇ ದಶಕದಲ್ಲಿ ವಿಜಯಪುರ ಸೀಮೆಯಲ್ಲಿಯೂ ಇದೇ ಸ್ವರೂಪದ ಎರಡು ಉದ್ಯಮಗಳು ನಡೆದಿದ್ದವು.

ವಿಜಯಪುರ ಸೀಮೆಯ ಎರಡು ಪೂರ್ವಮಾದರಿಗಳು

ಮೊದಲನೆಯದು ಫ.ಗು. ಹಳಕಟ್ಟಿಯವರ ವಚನ ಸಂಗ್ರಹ. ವಕೀಲಿ ವೃತ್ತಿಗಾಗಿ ವಿಜಯಪುರದಲ್ಲಿ ನೆಲೆಸಿದ ಅವರು ಮನೆ ಮಠಗಳಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಗರಿಯ ಕಟ್ಟುಗಳನ್ನು ಹುಡುಕಿ, ಪ್ರತಿ ಮಾಡಿಸಿ, ಪಾಠ ಪರಿಶೀಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಅವರು ಸ್ವಂತ ಮನೆಯನ್ನೇ ಮಾರಬೇಕಾಯಿತು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಹಸ್ತಪ್ರತಿಗಳ ಒಡೆಯರು ಆಕರವನ್ನು ಕೊಟ್ಟರು. ಸಂಪಾದಕರು ಶ್ರಮವನ್ನೂ ಸ್ವಂತ ಹಣವನ್ನೂ ಸುರಿದರು. ಪತ್ರಿಕೆಯ ಚಂದಾದಾರರು ಮುದ್ರಣದ ವೆಚ್ಚದಲ್ಲಿ ಒಂದು ಪಾಲನ್ನು ಹೊತ್ತರು. ಇಲ್ಲಿ ಚಂದಾದಾರನು ಓದುಗನೂ ಹೌದು, ಮುಂದಿನ ಸಂಚಿಕೆಗೆ ಮುಂಗಡ ಹಣ ಕೊಡುವ ಪಾಲುದಾರನೂ ಹೌದು.

ಹಳಕಟ್ಟಿಯವರನ್ನು ವಚನ ಪಿತಾಮಹರೆಂದು ಗೌರವಿಸುವಾಗ ಅವರು ಸಂಸ್ಥೆಗಳನ್ನು ಕಟ್ಟಿದವರೂ ಹೌದೆಂಬುದನ್ನು ಮರೆಯಲಾಗದು. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ವಿಜಯಪುರದಲ್ಲಿ ಸ್ಥಾಪನೆಯಾದುದರಲ್ಲಿ ಅವರ ಪಾತ್ರ ಪ್ರಧಾನವಾದುದು. ಚಿಕ್ಕ ಚಿಕ್ಕ ಠೇವಣಿಗಳನ್ನು ಕೂಡಿಸಿ, ಕೂಡಿಸಿದವರಿಗೇ ಒಡೆತನ ಮತ್ತು ಮತದ ಹಕ್ಕನ್ನು ಕೊಡುವ ಸಹಕಾರಿ ತತ್ತ್ವವನ್ನು ಅವರು ಬಲ್ಲವರಾಗಿದ್ದರು. ಆದರೆ ಹಣಕ್ಕೆ ಅನ್ವಯವಾದ ಈ ತತ್ತ್ವವು ಜ್ಞಾನಕ್ಕೆ ಅನ್ವಯವಾಗಲಿಲ್ಲ. ಬ್ಯಾಂಕಿನ ಸದಸ್ಯನಿಗೆ ಪಾಲುಪತ್ರ ದೊರೆಯಿತು. ಓಲೆಗರಿಯ ಕಟ್ಟು ಕೊಟ್ಟ ಮನೆತನಕ್ಕೆ ಕೃತಜ್ಞತೆಯ ಮಾತಷ್ಟೇ ಸಾಕೆಂದು ಕಾಲ ಭಾವಿಸಿತ್ತು. ಸಂಪಾದಕರೇ ನಷ್ಟವನ್ನು ಹೊತ್ತ ಆ ಉದ್ಯಮದಲ್ಲಿ ಹಂಚಿಕೊಳ್ಳಲು ಲಾಭವೂ ಇರಲಿಲ್ಲವಾದ್ದರಿಂದ ಪ್ರಶ್ನೆ ಏಳಲಿಲ್ಲ.

ಎರಡನೆಯದು ಹಲಸಂಗಿ ಗೆಳೆಯರ ಕಾರ್ಯ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರು ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. 1933ರಲ್ಲಿ ಲಾವಣಿಗಳ ಸಂಗ್ರಹವಾದ ‘ಜೀವನ ಸಂಗೀತ’ ಬಂದಿತು. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬಳಿಯಲ್ಲಿ, ಮದುವೆಯ ಮನೆಯಲ್ಲಿ ಹಾಡಿದವರ ನೆನಪೇ ಇಲ್ಲಿ ಆಕರ ಭಂಡಾರ. ಆದರೆ ಆ ಕಾಲದ ಜಾನಪದ ಸಂಕಲನಗಳಲ್ಲಿ ಸಾಮಾನ್ಯವಾಗಿ ಹಾಡಿನ ಜೊತೆಗೆ ಹಾಡಿದವಳ ಹೆಸರನ್ನು ದಾಖಲಿಸುವ ಕ್ರಮವಿರಲಿಲ್ಲ. ಹಾಡು ‘ಜನಪದ’ರದ್ದಾಯಿತು, ಪುಸ್ತಕ ಸಂಗ್ರಾಹಕರದ್ದಾಯಿತು. ‘ಗರತಿ’ ಎಂಬ ಗೌರವದ ಜಾತಿವಾಚಕದೊಳಗೆ ನೂರಾರು ವ್ಯಕ್ತಿಗಳು ಕರಗಿಹೋದರು. ಸಂಗ್ರಾಹಕರ ನಿಸ್ವಾರ್ಥವನ್ನು ಯಾರೂ ಸಂದೇಹಿಸುವಂತಿಲ್ಲ. ಆದರೂ ಕೊಡುಗೆ ಉಳಿದು ಕೊಟ್ಟವರು ಅಳಿಯುವ ಕ್ರಮವೊಂದು ಇಲ್ಲಿ ರೂಢಿಗೆ ಬಂದುದನ್ನು ಗುರುತಿಸಬೇಕಾಗುತ್ತದೆ.

ಅಂತರಜಾಲದ ವ್ಯವಹಾರ ಮಾದರಿಗಳು

ಅಂತರಜಾಲವು ಇದೇ ಕ್ರಮವನ್ನು ಎಲ್ಲೆಯಿಲ್ಲದಷ್ಟು ವಿಸ್ತರಿಸಿತು. ಕೊಡುಗೆಯನ್ನು ಪಡೆಯುವ ವೆಚ್ಚ ಬಹುಮಟ್ಟಿಗೆ ಇಳಿದುದರಿಂದ, ಸಂಗ್ರಹಿಸಿದ್ದರ ಮೇಲೆ ಲಾಭದ ಉದ್ಯಮವನ್ನು ಕಟ್ಟುವುದು ಸಾಧ್ಯವಾಯಿತು. ಈ ಉದ್ಯಮಗಳನ್ನು ಕೊಡುಗೆಯ ಕರಾರಿನ ಆಧಾರದ ಮೇಲೆ ಸ್ಥೂಲವಾಗಿ ನಾಲ್ಕು ಮಾದರಿಗಳಾಗಿ ವಿಂಗಡಿಸಬಹುದು.

ಒಂದು, ತೆರೆದ ಕೊಡುಗೆಯನ್ನು ಮುಚ್ಚಿಕೊಳ್ಳುವ ಮಾದರಿ. ಸಂಗೀತದ ಅಡಕಮುದ್ರಿಕೆಗಳ ಹಾಡುಗಳ ಪಟ್ಟಿಯನ್ನು ಕೇಳುಗರೇ ಟೈಪು ಮಾಡಿ ಸೇರಿಸುತ್ತಿದ್ದ ‘ಸಿಡಿಡಿಬಿ’ ಎಂಬ ದತ್ತಸಂಚಯವು 1990ರ ದಶಕದಲ್ಲಿ ಸ್ವಯಂಸೇವೆಯಿಂದ ಬೆಳೆಯಿತು. ಅದು ಖಾಸಗಿ ಸಂಸ್ಥೆಯ ಕೈಸೇರಿ, ‘ಗ್ರೇಸ್‌ನೋಟ್’ ಎಂಬ ಹೆಸರು ಪಡೆದು, ಬಳಕೆಗೆ ಶುಲ್ಕ ಮತ್ತು ಷರತ್ತುಗಳನ್ನು ವಿಧಿಸಿತು. 2008ರಲ್ಲಿ ಸೋನಿ ಸಂಸ್ಥೆ ಅದನ್ನು 26 ಕೋಟಿ ಡಾಲರುಗಳಿಗೆ ಕೊಂಡಿತು. ಪಟ್ಟಿಗಳನ್ನು ಬರೆದುಕೊಟ್ಟವರು ಮೊದಲೇ ಕರಾರನ್ನು ಕೇಳಿರಲಿಲ್ಲ. ಆದ್ದರಿಂದ ಅವರಿಗೆ ಕೇಳುವ ಹಕ್ಕೂ ಉಳಿಯಲಿಲ್ಲ. ಈ ಕಹಿ ಅನುಭವದಿಂದಲೇ ‘ಮ್ಯೂಸಿಕ್‌ಬ್ರೇನ್ಜ್’ನಂಥ ಮುಕ್ತ ಪರವಾನಗಿಯ ಪರ್ಯಾಯಗಳು ಬೆಳೆದವು.

ಎರಡು, ಕೊಡುಗೆಯನ್ನು ಮುಕ್ತವಾಗಿರಿಸಿ ಸೇವೆಯನ್ನು ಮಾರುವ ಮಾದರಿ. 1991ರಲ್ಲಿ ಆರಂಭವಾದ ಲಿನಕ್ಸ್ ತಂತ್ರಾಂಶವನ್ನು ಯಾರು ಬೇಕಾದರೂ ಪಡೆಯಬಹುದು. ಆದರೆ ಅದನ್ನು ಸ್ಥಾಪಿಸಿ ನಿರ್ವಹಿಸಿಕೊಡುವ ಸೇವೆಯನ್ನು ಮಾರಿದ ರೆಡ್ ಹ್ಯಾಟ್ ಸಂಸ್ಥೆಯನ್ನು 2019ರಲ್ಲಿ ಐಬಿಎಂ 3,400 ಕೋಟಿ ಡಾಲರುಗಳಿಗೆ ಖರೀದಿಸಿತು. ವಿಕಿಪೀಡಿಯದ ಉದಾಹರಣೆ ಇನ್ನೂ ಹತ್ತಿರದ್ದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇಂದು 30,000ಕ್ಕೂ ಹೆಚ್ಚು ಲೇಖನಗಳಿವೆ. ಬರೆದವರಿಗೆ ಸಂಭಾವನೆಯಿಲ್ಲ. ಆದರೆ ಪ್ರತಿಯೊಂದು ತಿದ್ದುಪಡಿಯೂ ಮಾಡಿದವರ ಗುರುತಿನೊಡನೆ ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಮೂಲವನ್ನು ಹೆಸರಿಸಬೇಕು, ಬದಲಿಸಿದ ರೂಪವನ್ನೂ ಅದೇ ಷರತ್ತಿನಲ್ಲಿ ಹಂಚಬೇಕು ಎಂಬುದು ಅದರ ಪರವಾನಗಿ. ಈ ಷರತ್ತಿಗೆ ಒಳಪಟ್ಟು ವಾಣಿಜ್ಯ ಬಳಕೆಗೆ ತಡೆಯಿಲ್ಲ. ದೊಡ್ಡ ಪ್ರಮಾಣದಲ್ಲಿ, ಹೊತ್ತುಹೊತ್ತಿಗೆ ಮಾಹಿತಿ ಬೇಕಾದ ಕಂಪನಿಗಳಿಗಾಗಿ ವಿಕಿಮೀಡಿಯ ಪ್ರತಿಷ್ಠಾನವು 2021ರಲ್ಲಿ ‘ವಿಕಿಮೀಡಿಯ ಎಂಟರ್‌ಪ್ರೈಸ್’ ಎಂಬ ಶುಲ್ಕಸಹಿತ ಸೇವೆಯನ್ನು ಪ್ರಕಟಿಸಿತು. 2022ರಲ್ಲಿ ಗೂಗಲ್ ಅದರ ಮೊದಲ ಗ್ರಾಹಕರಲ್ಲಿ ಒಂದಾಯಿತು. ಇಲ್ಲಿ ಜ್ಞಾನಕ್ಕೆ ಬೆಲೆಯಿಲ್ಲ, ಅದನ್ನು ಮುಟ್ಟಿಸುವ ಸೇವೆಗೆ ಬೆಲೆಯಿದೆ.

ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಇದೇ ತತ್ತ್ವವನ್ನು ಬೇರೊಂದು ದಿಕ್ಕಿನಿಂದ ತೋರಿಸುತ್ತದೆ. ಸುಮಾರು ನಾಲ್ಕು ದಶಕಗಳ ಏಕಾಂಗಿ ಪರಿಶ್ರಮದಿಂದ ಸಿದ್ಧವಾದ, 1,50,000ಕ್ಕೂ ಹೆಚ್ಚು ಉಲ್ಲೇಖಗಳಿರುವ ಈ ನಿಘಂಟು 2019ರಲ್ಲಿ ಮುಕ್ತ ದತ್ತಾಂಶ ಪರವಾನಗಿಯೊಡನೆ ಅಂತರಜಾಲದಲ್ಲಿ ಪ್ರಕಟವಾಯಿತು. ಪರವಾನಗಿಯು ಬಳಕೆಗೆ ಅಡ್ಡಿಯಿಲ್ಲದಿದ್ದರೂ ದತ್ತಸಂಚಯವನ್ನು ವಿಸ್ತರಿಸಿ ಪ್ರಕಟಿಸುವವರು ಆ ವಿಸ್ತರಣೆಯನ್ನೂ ಮುಕ್ತವಾಗಿಡಬೇಕೆಂದು ವಿಧಿಸುತ್ತದೆ. ಒಬ್ಬರು ಜನರಿಗೆ ಕೊಟ್ಟದ್ದನ್ನು ಇನ್ನೊಬ್ಬರು ಜನರಿಂದ ಕಸಿಯದಂತೆ ತಡೆಯುವುದು ಇದರ ಉದ್ದೇಶ.

ಮೂರು, ಮುಂಗಡ ಹಣದ ಮಾದರಿ. ಕನ್ನಡದಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನ ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ ಚಲನಚಿತ್ರ. ನಿರ್ಮಾಪಕರು ದೊರೆಯದಿದ್ದಾಗ ನಿರ್ದೇಶಕರು ಅಂತರಜಾಲದ ಮೂಲಕ ಪ್ರೇಕ್ಷಕರಿಗೇ ಮನವಿ ಮಾಡಿದರು. 27 ದಿನಗಳಲ್ಲಿ 110 ಮಂದಿಯಿಂದ 51 ಲಕ್ಷ ರೂಪಾಯಿ ಕೂಡಿಬಂದಿತು. ಚಿತ್ರ 2013ರಲ್ಲಿ ತೆರೆಕಂಡಿತು. ಪ್ರೇಕ್ಷಕನೇ ಹೂಡಿಕೆದಾರನಾದ ಈ ಪ್ರಯೋಗವು ‘ಶಿವಾನುಭವ’ದ ಚಂದಾ ಪದ್ಧತಿಯ ದೂರದ ಬಂಧು ಎನ್ನಬಹುದು. ಎರಡರಲ್ಲಿಯೂ ಕೃತಿ ಸಿದ್ಧವಾಗುವ ಮೊದಲೇ ಅದನ್ನು ಬಯಸುವವರು ಹಣ ತೊಡಗಿಸುತ್ತಾರೆ. ಎಷ್ಟು ಕೊಟ್ಟೆವು, ಏನನ್ನು ನಿರೀಕ್ಷಿಸಬಹುದು ಎಂಬುದು ಕೊಟ್ಟವರಿಗೆ ಮೊದಲೇ ಗೊತ್ತಿರುತ್ತದೆ ಎಂಬುದೇ ಈ ಮಾದರಿಯ ಗುಣ.

ನಾಲ್ಕು, ಬಿಡಿಗೆಲಸಕ್ಕೆ ಕೂಲಿ ಕೊಡುವ ಮಾದರಿ. 2005ರಲ್ಲಿ ಅಮೆಜಾನ್ ಸಂಸ್ಥೆ ‘ಮೆಕ್ಯಾನಿಕಲ್ ಟರ್ಕ್’ ಎಂಬ ವೇದಿಕೆಯನ್ನು ತೆರೆಯಿತು. ಚಿತ್ರವನ್ನು ಗುರುತಿಸುವುದು, ವಾಕ್ಯವನ್ನು ಪರಿಶೀಲಿಸುವುದು ಮೊದಲಾದ ಚಿಕ್ಕ ಕೆಲಸಗಳಿಗೆ ಅಲ್ಲಿ ಅತಿ ಕಡಿಮೆ ದರ ನಿಗದಿಯಾಗುತ್ತಿತ್ತು. ಇದಕ್ಕೆ ಪ್ರತಿಯಾಗಿ, ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಯೋಜನೆಯಾಗಿ ಹುಟ್ಟಿ 2021ರಲ್ಲಿ ಸ್ವತಂತ್ರ ಸಂಸ್ಥೆಯಾದ ಬೆಂಗಳೂರಿನ ‘ಕಾರ್ಯ’ವು ಬೇರೆ ದಾರಿ ಹಿಡಿಯಿತು. ಹಳ್ಳಿಗಾಡಿನ ಜನ ಮೊಬೈಲಿನಲ್ಲಿ ತಮ್ಮ ಮಾತೃಭಾಷೆಯ ವಾಕ್ಯಗಳನ್ನು ಓದಿ ಧ್ವನಿಮುದ್ರಿಸುತ್ತಾರೆ. ಗಂಟೆಗೆ ಸುಮಾರು 5 ಡಾಲರಿನಷ್ಟು ಸಂಭಾವನೆ ದೊರೆಯುತ್ತದೆ. ಅದೇ ದತ್ತಾಂಶವು ಮತ್ತೆ ಮಾರಾಟವಾದರೆ ರಾಯಲ್ಟಿಯೂ ಸಲ್ಲಬೇಕೆಂಬುದು ಸಂಸ್ಥೆಯ ನಿಯಮ. ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಇದರ ಕನ್ನಡ ಧ್ವನಿಸಂಗ್ರಹದ ಕೆಲಸವು 2023ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಗಳ ಗಮನವನ್ನೂ ಸೆಳೆಯಿತು.

ಈ ನಾಲ್ಕನ್ನೂ ಒಟ್ಟಾಗಿ ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ತಂತ್ರಜ್ಞಾನ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಕೊಡುವವರ ಉತ್ಸಾಹವೂ ಒಂದೇ. ಭೇದವಿರುವುದು ಕೊಡುವ ಕ್ಷಣದಲ್ಲಿ ಒಪ್ಪಿಕೊಂಡ ಮೂರು ಸಂಗತಿಗಳಲ್ಲಿ: ಹೆಸರು ಉಳಿಯುವುದೇ, ಬಳಕೆಯ ಮೇಲೆ ಹಿಡಿತವಿರುವುದೇ, ಫಲದಲ್ಲಿ ಪಾಲಿರುವುದೇ. ವಿಕಿಪೀಡಿಯವು ಹೆಸರನ್ನೂ ಮುಕ್ತತೆಯನ್ನೂ ಕಾಪಾಡುತ್ತದೆ, ಪಾಲನ್ನು ಕೊಡುವುದಿಲ್ಲ. ‘ಕಾರ್ಯ’ವು ಪಾಲನ್ನು ಕೊಡುತ್ತದೆ. ‘ಸಿಡಿಡಿಬಿ’ಯಲ್ಲಿ ಮೂರೂ ಇರಲಿಲ್ಲ. ‘ಗರತಿಯ ಹಾಡು’ ಕಾಲದ ಸಂಗ್ರಹ ಕ್ರಮದಲ್ಲಿಯೂ ಇರಲಿಲ್ಲ. ಆದರೆ ಅಲ್ಲಿ ಲಾಭಕೋರತನವೂ ಇರಲಿಲ್ಲ.

ವಚನದ ಎರಡನೆಯ ಪಯಣ

ಮುಕ್ತತೆಯ ಲಾಭವೇನೆಂಬುದಕ್ಕೆ ವಚನ ಸಾಹಿತ್ಯವೇ ಉತ್ತಮ ಸಾಕ್ಷಿ. ಹಳಕಟ್ಟಿಯವರು ಆರಂಭಿಸಿದ ಕಾರ್ಯವನ್ನು ಅನೇಕ ವಿದ್ವಾಂಸರು ಮುಂದುವರಿಸಿದರು. ಕರ್ನಾಟಕ ಸರ್ಕಾರವು ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ‘ಸಮಗ್ರ ವಚನ ಸಂಪುಟ’ಗಳನ್ನು ಹೊರತಂದಿತು. ಈ 15 ಸಂಪುಟಗಳಲ್ಲಿ 20,000ಕ್ಕೂ ಮಿಕ್ಕ ವಚನಗಳಿವೆ. ಮುಂದೆ ‘ಸಂಚಯ’ ಎಂಬ ಸ್ವಯಂಸೇವಕರ ತಂಡವು ಅವುಗಳನ್ನು ಪದಶೋಧಕ್ಕೆ ಒಗ್ಗುವಂತೆ ಅಂತರಜಾಲದಲ್ಲಿ ‘ವಚನ ಸಂಚಯ’ವಾಗಿ ರೂಪಿಸಿತು. ಒಂದು ಪದ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆ ಎಂಬುದನ್ನು ತಿಳಿಯಲು ಹಿಂದೆ ತಿಂಗಳುಗಟ್ಟಲೆ ಚೀಟಿ ಬರೆಯಬೇಕಾಗಿತ್ತು. ಈಗ ಅದು ಕ್ಷಣಮಾತ್ರದ ಕೆಲಸ. ನೀಲಾಂಬಿಕೆಯ ವಚನಗಳಲ್ಲಿನ ಒಂದು ಪದವನ್ನು ಬಸವಣ್ಣನವರ ಪ್ರಯೋಗದೊಡನೆ ಹೋಲಿಸಲು ತಂಗಡಗಿಯ ವಿದ್ಯಾರ್ಥಿಗೆ ದೊಡ್ಡ ಗ್ರಂಥಾಲಯದ ನೆರವು ಬೇಕಾಗಿಲ್ಲ.

ಹಳಕಟ್ಟಿಯವರು 1964ರಲ್ಲಿ ನಿಧನರಾದರು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರ ಮರಣದ ನಂತರದ 60 ವರ್ಷಗಳವರೆಗೆ ಹಕ್ಕು ಇರುತ್ತದೆ. ಆದ್ದರಿಂದ ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು 2025ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತಾಗಿವೆ. ಯಾವ ವಿಶ್ವವಿದ್ಯಾಲಯವೂ, ಯಾವ ಪ್ರಕಾಶಕರೂ ಅವನ್ನು ಮರುಮುದ್ರಿಸಬಹುದು. ಅಷ್ಟೇ ಸುಲಭವಾಗಿ ಯಾವ ಕಂಪನಿಯೂ ಅವನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸಬಹುದು. ಸಾರ್ವಜನಿಕ ಸ್ವತ್ತು ಎಂಬುದು ಎರಡೂ ಕಡೆಗೆ ತೆರೆಯುವ ಬಾಗಿಲು.

ಮಾತೇ ಸರಕಾದಾಗ

ವಚನವೂ ತ್ರಿಪದಿಯೂ ಗ್ರಂಥಸ್ಥವಾದ ಸಂಪತ್ತು. ಈಗಿನ ಬೇಡಿಕೆ ಇರುವುದು ಗ್ರಂಥಸ್ಥವಾಗದ ಆಡುಮಾತಿಗೆ. ಮಾತನ್ನು ಬರಹವಾಗಿಸುವ, ಬರಹವನ್ನು ಮಾತಾಗಿಸುವ, ಪ್ರಶ್ನೆಗೆ ಉತ್ತರಿಸುವ ತಂತ್ರಾಂಶಗಳಿಗೆ ಸಹಸ್ರಾರು ಗಂಟೆಗಳ ಧ್ವನಿಯ ಅವಶ್ಯಕತೆಯಿದೆ. ಶಿಷ್ಟ ಕನ್ನಡದ ‘ಮಾಡುತ್ತಿದ್ದಾನೆ’ ಎಂಬ ರೂಪವನ್ನಷ್ಟೇ ಕಲಿತ ಯಂತ್ರವು ವಿಜಯಪುರ ಸೀಮೆಯ ‘ಮಾಡಾಕತ್ತಾನ’, ‘ಮಾಡ್ಲಾಕತ್ತಾನ’ ಎಂಬ ರೂಪಗಳ ಮುಂದೆ ತಡವರಿಸುತ್ತದೆ. ಸಿಂದಗಿಯ ತೊಗರಿ ಬೆಳೆಗಾರನೊಬ್ಬ ತನ್ನ ಮಾತಿನಲ್ಲಿಯೇ ಕೀಟಬಾಧೆಯ ಬಗ್ಗೆ ಕೇಳಿ ಉತ್ತರ ಪಡೆಯಬೇಕಾದರೆ ಆ ಮಾತು ಯಂತ್ರಕ್ಕೆ ಮೊದಲೇ ಪರಿಚಿತವಾಗಿರಬೇಕು. ಹೀಗಾಗಿ ಬಹುಕಾಲ ‘ಅಶಿಷ್ಟ’ವೆಂದು ಪಠ್ಯಪುಸ್ತಕಗಳು ಹೊರಗಿಟ್ಟ ನುಡಿರೂಪಗಳಿಗೆ ಅನಿರೀಕ್ಷಿತವಾಗಿ ಮಾರುಕಟ್ಟೆಯ ಮೌಲ್ಯ ಬಂದಿದೆ.

ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆ 2022ರಲ್ಲಿ ಉದ್ಘಾಟನೆಗೊಂಡಿತು. ಅದರ ‘ಭಾಷಾದಾನ’ ವಿಭಾಗವು ನಾಗರಿಕರು ತಮ್ಮ ಭಾಷೆಯ ಧ್ವನಿ, ಬರಹ ಮತ್ತು ಅನುವಾದಗಳನ್ನು ಕೊಡುಗೆಯಾಗಿ ನೀಡುವಂತೆ ಕೋರುತ್ತದೆ. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಹಾಗೂ ಗೂಗಲ್ ಕೂಡಿ ‘ವಾಣಿ’ ಎಂಬ ಯೋಜನೆಯನ್ನು ಪ್ರಕಟಿಸಿದವು. ಭಾಷೆಯ ಬದಲಿಗೆ ಜಿಲ್ಲೆಯನ್ನು ಘಟಕವಾಗಿ ಹಿಡಿದದ್ದು ಇದರ ವೈಶಿಷ್ಟ್ಯ. ಚಿತ್ರವೊಂದನ್ನು ತೋರಿಸಿ, ಅದರ ಬಗ್ಗೆ ತಮ್ಮ ಸಹಜ ಮಾತಿನಲ್ಲಿ ಹೇಳುವಂತೆ ಜನರನ್ನು ಕೇಳಲಾಗುತ್ತದೆ. ದೇಶದ ಎಲ್ಲ ಜಿಲ್ಲೆಗಳ ಸುಮಾರು 10 ಲಕ್ಷ ಜನರಿಂದ 1,50,000 ಗಂಟೆಗಳಿಗೂ ಹೆಚ್ಚಿನ ಧ್ವನಿಯನ್ನು ಸಂಗ್ರಹಿಸುವ ಗುರಿ ಅದರದು. ಸಂಗ್ರಹ ನಡೆದ ಜಿಲ್ಲೆಗಳಲ್ಲಿ ಬಿಜಾಪುರ ಎಂಬ ಹಳೆಯ ಹೆಸರಿನಲ್ಲಿ ವಿಜಯಪುರವೂ ಸೇರಿದೆ. ಸಂಗ್ರಹವನ್ನು ಮುಕ್ತವಾಗಿ ಪ್ರಕಟಿಸಲಾಗುತ್ತಿರುವುದರಿಂದ ಕನ್ನಡದ ಉಪಭಾಷಾ ಸಂಶೋಧಕರಿಗೂ ಅದು ಅಮೂಲ್ಯ ಆಕರವಾಗಬಲ್ಲದು. ಹಿಂದೆ ಪಿಎಚ್.ಡಿ. ವಿದ್ಯಾರ್ಥಿಯೊಬ್ಬ ವರ್ಷಗಟ್ಟಲೆ ತಿರುಗಿ ಕೂಡಿಸುತ್ತಿದ್ದುದಕ್ಕಿಂತ ಹೆಚ್ಚಿನ ಸಾಮಗ್ರಿ ಅಲ್ಲಿದೆ.

ಇಲ್ಲಿ ‘ದಾನ’ ಎಂಬ ಪದದ ಬಳಕೆಯನ್ನು ಪರಿಶೀಲಿಸುವುದು ಅಗತ್ಯ. ಬಾಗೇವಾಡಿಯಲ್ಲಿ ಹುಟ್ಟಿ ಕಲ್ಯಾಣದಲ್ಲಿ ಬೆಳಗಿದ ಚಿಂತನೆಯು ದಾನಕ್ಕೂ ದಾಸೋಹಕ್ಕೂ ಅಂತರವನ್ನು ಗುರುತಿಸಿತು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕಾಯಕದ ಫಲವು ಸಮುದಾಯಕ್ಕೆ ಸಲ್ಲುತ್ತದೆ, ಸಮುದಾಯದಲ್ಲಿಯೇ ಉಳಿಯುತ್ತದೆ. ಅಂತರಜಾಲದ ಜನಕೊಡುಗೆಯನ್ನು ದಾಸೋಹಕ್ಕೆ ಹೋಲಿಸುವುದು ಆಕರ್ಷಕವಾದರೂ ಒಂದು ಎಚ್ಚರ ಬೇಕು. ದಾಸೋಹವಾಗಿ ಕೊಟ್ಟದ್ದು ಬೇರೆಡೆ ಸರಕಾಗಿ ಮಾರಾಟವಾಗಿ, ಕೊಟ್ಟವರೇ ಮುಂದೊಂದು ದಿನ ಅದನ್ನು ಬೆಲೆ ತೆತ್ತು ಕೊಳ್ಳಬೇಕಾದರೆ ಅದು ದಾಸೋಹವಾಗಿ ಉಳಿಯುವುದಿಲ್ಲ.

ಇದಕ್ಕೆ ಪರ್ಯಾಯವೊಂದನ್ನು ನ್ಯೂಜಿಲೆಂಡಿನ ಮಾವೊರಿ ಸಮುದಾಯ ತೋರಿಸಿದೆ. ಅಲ್ಲಿನ ‘ತೆ ಹಿಕು ಮೀಡಿಯ’ ಎಂಬ ಸಮುದಾಯ ಬಾನುಲಿ ಸಂಸ್ಥೆಯು 2018ರಲ್ಲಿ ಕರೆ ಕೊಟ್ಟಾಗ ಸುಮಾರು 2,500 ಜನ ಕೂಡಿ ಹತ್ತೇ ದಿನಗಳಲ್ಲಿ 300 ಗಂಟೆಗಳಿಗೂ ಹೆಚ್ಚಿನ ಮಾವೊರಿ ಮಾತನ್ನು ಧ್ವನಿಮುದ್ರಿಸಿದರು. ಸಂಸ್ಥೆಯು ಆ ಸಂಗ್ರಹವನ್ನು ಹೊರಗಿನ ಕಂಪನಿಗಳಿಗೆ ಒಪ್ಪಿಸಲಿಲ್ಲ. ಸಮುದಾಯಕ್ಕೆ ಹಿತವಾಗುವ ಬಳಕೆಗೆ ಮಾತ್ರ ಅನುಮತಿ ಕೊಡುವ, ‘ಕಾವಲು’ ಎಂಬ ಅರ್ಥದ ಮಾವೊರಿ ಪದದಿಂದಲೇ ಹೆಸರಾದ ಪರವಾನಗಿಯನ್ನು ರೂಪಿಸಿ, ತನ್ನದೇ ತಂತ್ರಾಂಶವನ್ನು ಬೆಳೆಸಿತು. ಪೂರ್ಣ ಮುಕ್ತವೂ ಅಲ್ಲದ, ಖಾಸಗಿಯೂ ಅಲ್ಲದ ಈ ಮಾದರಿಯಲ್ಲಿ ಸಮುದಾಯವು ಒಡೆಯನಿಗಿಂತ ಹೆಚ್ಚಾಗಿ ಪಾಲಕನ ಸ್ಥಾನದಲ್ಲಿದೆ.

ಲಿಂಬೆಗಿರುವ ರಕ್ಷೆ, ನುಡಿಗಿಲ್ಲದ ರಕ್ಷೆ

ಸಾಮೂಹಿಕ ಒಡೆತನವೆಂಬುದು ಇಂಡಿ ಸೀಮೆಗೆ ಅಪರಿಚಿತವಲ್ಲ. 2023ರಲ್ಲಿ ‘ಇಂಡಿ ಲಿಂಬೆ’ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಭೌಗೋಳಿಕ ಸೂಚಿಕೆಗಳ ಕುರಿತ 1999ರ ಕಾಯಿದೆಯು ಒಂದು ಪ್ರದೇಶದ ಮಣ್ಣು, ಹವೆ ಮತ್ತು ತಲೆಮಾರುಗಳ ಬೇಸಾಯದ ತಿಳಿವಳಿಕೆಯಿಂದ ಬಂದ ಹೆಸರನ್ನು ಆ ಪ್ರದೇಶದ ಬೆಳೆಗಾರರೆಲ್ಲರ ಸಾಮೂಹಿಕ ಸ್ವತ್ತೆಂದು ಗುರುತಿಸುತ್ತದೆ. ಬೇರೆಡೆಯ ಕಾಯಿಯನ್ನು ‘ಇಂಡಿ ಲಿಂಬೆ’ ಎಂದು ಮಾರುವುದು ಅಪರಾಧವಾಗುತ್ತದೆ. ಅದೇ ಮಣ್ಣಿನಲ್ಲಿ, ಅದೇ ತಲೆಮಾರುಗಳು ಬೆಳೆಸಿದ ತ್ರಿಪದಿಗೆ ಮತ್ತು ನುಡಿಗಟ್ಟಿಗೆ ಇಂಥ ರಕ್ಷೆಯಿಲ್ಲ.

ಕಾನೂನಿನ ಸ್ಥಿತಿ ಸಂಕೀರ್ಣವಾಗಿದೆ. ಕರ್ತೃ ಯಾರೆಂದು ತಿಳಿಯದ ಪಾರಂಪರಿಕ ಹಾಡಿಗೆ ಕೃತಿಸ್ವಾಮ್ಯವಿಲ್ಲ. ಜಾನಪದದ ಸಾಮೂಹಿಕ ಹಕ್ಕನ್ನು ಕಾಯುವ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಆದರೆ ಹಾಡಿದವಳಿಗೆ ತನ್ನ ಹಾಡಿಕೆಯ ಮೇಲೆ ಪ್ರದರ್ಶಕರ ಹಕ್ಕು ಇದೆ. 2012ರ ತಿದ್ದುಪಡಿಯಿಂದ ಬಲಗೊಂಡ ಈ ಹಕ್ಕು 50 ವರ್ಷಗಳವರೆಗೆ ಇರುತ್ತದೆ. ಅಲ್ಲದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ವ್ಯಕ್ತಿಯನ್ನು ಗುರುತಿಸಬಲ್ಲ ದತ್ತಾಂಶದ ಬಳಕೆಗೆ ಸಮ್ಮತಿಯನ್ನು ಮುಖ್ಯ ಆಧಾರವಾಗಿಸಿದೆ. ಅಂದರೆ ಹಾಡು ಯಾರದೂ ಅಲ್ಲದಿರಬಹುದು, ದನಿ ಮಾತ್ರ ಹಾಡಿದವಳದೇ. ಕ್ಷೇತ್ರಕಾರ್ಯದ ಸಂಶೋಧಕರು ಈ ಭೇದವನ್ನು ಈವರೆಗೆ ಹೆಚ್ಚು ಗಮನಿಸಿದಂತಿಲ್ಲ.

ಕನ್ನಡ ಅಧ್ಯಯನ ವಿಭಾಗಗಳ ಹೊಣೆ

ಈ ಚರ್ಚೆಯು ವಾಣಿಜ್ಯಶಾಸ್ತ್ರಕ್ಕೆ ಸೇರಿದ್ದೆಂದು ಕನ್ನಡ ವಿಭಾಗಗಳು ದೂರ ಉಳಿಯುವಂತಿಲ್ಲ. ಜಾನಪದ ಕ್ಷೇತ್ರಕಾರ್ಯ, ಉಪಭಾಷಾ ಸಮೀಕ್ಷೆ, ಸ್ಥಳನಾಮ ಸಂಗ್ರಹ, ಹಸ್ತಪ್ರತಿ ಸಂಗ್ರಹ ಇವೆಲ್ಲವೂ ಮೂಲತಃ ಜನಕೊಡುಗೆಯ ಯೋಜನೆಗಳೇ. ಅವುಗಳಲ್ಲಿ ಮುದ್ರಿತವಾದ ಧ್ವನಿಸುರುಳಿಗಳು ಈಗ ಡಿಜಿಟಲ್ ರೂಪಕ್ಕೆ ಬರುತ್ತಿರುವಾಗ ಅವು ಬರಿಯ ಪ್ರಬಂಧದ ಅನುಬಂಧವಾಗಿ ಉಳಿಯುವುದಿಲ್ಲ, ಬೆಲೆಬಾಳುವ ದತ್ತಾಂಶವಾಗುತ್ತವೆ. ಅವುಗಳನ್ನು ಯಾವ ಕರಾರಿನಲ್ಲಿ ಯಾರಿಗೆ ಕೊಡಬೇಕೆಂಬ ನಿರ್ಧಾರ ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆಯೇ ಬರುವುದು.

ಈ ಹಿನ್ನೆಲೆಯಲ್ಲಿ ಕೆಲವು ಕ್ರಮಗಳನ್ನು ಪರಿಗಣಿಸಬಹುದಾಗಿದೆ. ಮೊದಲನೆಯದಾಗಿ, ವಕ್ತೃಗಳ ಸಮ್ಮತಿಯನ್ನು ಅವರದೇ ಆಡುಮಾತಿನಲ್ಲಿ ವಿವರಿಸಿ ಪಡೆಯಬೇಕು. ಸಂಶೋಧನೆಗೆ ಕೊಟ್ಟ ಒಪ್ಪಿಗೆಯೂ ವಾಣಿಜ್ಯ ಬಳಕೆಗೆ ಕೊಟ್ಟ ಒಪ್ಪಿಗೆಯೂ ಬೇರೆ ಬೇರೆಯಾಗಿ ದಾಖಲಾಗಬೇಕು. ಓದುಬರಹ ಬಾರದವರ ವಿಷಯದಲ್ಲಿ ಸಮ್ಮತಿಯನ್ನೇ ಧ್ವನಿಮುದ್ರಿಸಿಕೊಳ್ಳುವುದು ಸೂಕ್ತ. ಎರಡನೆಯದಾಗಿ, ಬಯಸಿದವರ ಹೆಸರು, ಊರು ಹಾಡಿನ ಜೊತೆಗೇ ಉಳಿಯಬೇಕು. ಬಯಸದವರ ಗುರುತು ಮರೆಯಾಗಿರಬೇಕು. ಮೂರನೆಯದಾಗಿ, ಸಂಗ್ರಹಕ್ಕೆ ಸ್ಪಷ್ಟವಾದ ಪರವಾನಗಿ ಇರಬೇಕು. ಪರವಾನಗಿಯಿಲ್ಲದ ಸಂಗ್ರಹವು ಪ್ರಾಮಾಣಿಕ ಸಂಶೋಧಕನಿಗೆ ದೊರೆಯದೆ, ಕೇಳದೆ ಎತ್ತಿಕೊಳ್ಳುವವನಿಗೆ ಮಾತ್ರ ದೊರೆಯುತ್ತದೆ. ನಾಲ್ಕನೆಯದಾಗಿ, ವಾಣಿಜ್ಯ ಬಳಕೆಯಿಂದ ಆದಾಯ ಬಂದರೆ ಅದರ ಒಂದು ಪಾಲು ಆಯಾ ಊರಿನ ಶಾಲೆಗೋ ಗ್ರಂಥಾಲಯಕ್ಕೋ ಸಲ್ಲುವಂತೆ ಮೊದಲೇ ಕರಾರಾಗಬೇಕು. ವ್ಯಕ್ತಿಗತ ರಾಯಲ್ಟಿಯ ಲೆಕ್ಕ ಕಷ್ಟವಾದಲ್ಲಿ ಸಹಕಾರಿ ತತ್ತ್ವದ ಈ ಹಂಚಿಕೆ ಸಾಧ್ಯವಾದುದು.

ಈ ಕ್ರಮಗಳಿಗೆ ಆಕ್ಷೇಪವೂ ಇದೆ. ಷರತ್ತುಗಳು ಹೆಚ್ಚಿದಷ್ಟೂ ಸಂಗ್ರಹ ಕುಂಠಿತವಾಗುತ್ತದೆ, ಕನ್ನಡದಂಥ ಭಾಷೆಗೆ ಈಗ ಬೇಕಾಗಿರುವುದು ಆದಷ್ಟು ಹೆಚ್ಚು ಮುಕ್ತ ಸಾಮಗ್ರಿ, ತಡಮಾಡಿದರೆ ಯಂತ್ರಗಳ ಲೋಕದಲ್ಲಿ ಕನ್ನಡ ಹಿಂದುಳಿಯುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಬೀಸುವ ಕಲ್ಲಿನ ಹಾಡು ತಿಳಿದವರ ತಲೆಮಾರು ಮರೆಯಾಗುತ್ತಿರುವಾಗ ಕಾಗದಪತ್ರಗಳಿಗಾಗಿ ಕಾಯುವುದೂ ಒಂದು ಬಗೆಯ ನಷ್ಟವೇ. ಹಲಸಂಗಿ ಗೆಳೆಯರು ಅಂದು ಕಾದಿದ್ದರೆ ಆ ತ್ರಿಪದಿಗಳಲ್ಲಿ ಬಹುಪಾಲು ಇಂದು ಇರುತ್ತಿರಲಿಲ್ಲ. ಆದರೆ ಕರಾರು ಸಂಗ್ರಹಕ್ಕೆ ವಿರೋಧಿಯಲ್ಲ ಎಂಬುದನ್ನು ಮಾವೊರಿಗಳ ಹತ್ತು ದಿನಗಳೂ ಕನ್ನಡ ವಿಕಿಪೀಡಿಯದ ಎರಡು ದಶಕಗಳೂ ತೋರಿಸಿವೆ. ತನ್ನ ಕೊಡುಗೆ ಎಲ್ಲಿಗೆ ಹೋಗುತ್ತದೆಂದು ತಿಳಿದಾಗ ಜನ ಹಿಂಜರಿಯುವುದಕ್ಕಿಂತ ಮುಂದೆ ಬರುವುದೇ ಹೆಚ್ಚು.

ವಿಜಯಪುರ ಸೀಮೆಯು ಒಂದು ಶತಮಾನದ ಹಿಂದೆ ಸಹಕಾರಿ ಬ್ಯಾಂಕನ್ನೂ ವಚನ ಸಂಗ್ರಹವನ್ನೂ ಒಬ್ಬರೇ ವ್ಯಕ್ತಿಯ ಕೈಯಿಂದ ಪಡೆಯಿತು. ಹಣದ ಠೇವಣಿಗೆ ಪಾಸ್‌ಪುಸ್ತಕವಿತ್ತು, ನುಡಿಯ ಠೇವಣಿಗೆ ಇರಲಿಲ್ಲ. ಅಂತರಜಾಲ ಸಹಯೋಗದ ಹೊಸ ವ್ಯವಹಾರ ಮಾದರಿಗಳು ಎರಡನೆಯದಕ್ಕೂ ಪಾಸ್‌ಪುಸ್ತಕವನ್ನು ಸಾಧ್ಯವಾಗಿಸಿವೆ. ಅದರಲ್ಲಿ ಮೊದಲ ನಮೂದನ್ನು ಮಾಡಬೇಕಾದವರು ಧ್ವನಿಮುದ್ರಣ ಯಂತ್ರ ಹಿಡಿದು ಹಳ್ಳಿಗೆ ಹೋಗುವ ಕನ್ನಡ ಸಂಶೋಧಕರು.